ಹಿತ್ತಲಿಲ್ಲದವರ ಹಿತ್ತಲ ಗಿಡ

ನಮ್ಮ ವಾಟ್ಸಾಪ್ ಗುಂಪಿನಲ್ಲಿ ತಿಂಗಳಿಗೊಮ್ಮೆಯಾದರೂ ಒಂದು ಪ್ರಶ್ನೆ ಬಂದೇ ಬರುತ್ತಿತ್ತು. "ದೊಡ್ಡಪತ್ರೆಗೆ ಗುಜರಾತಿಯಲ್ಲಿ ಏನಂತಾರೆ? ಮಗುವಿಗೆ ಕೆಮ್ಮು." ಒಬ್ಬರು ಉತ್ತರ ಕೊಡುತ್ತಾರೆ, ಇನ್ನೊಬ್ಬರು ಅದಲ್ಲ ಅನ್ನುತ್ತಾರೆ, ಮೂರನೆಯವರು ಸೂರ್ಯೋದಯದ ಶುಭೋದಯ ಚಿತ್ರ ಹಾಕುತ್ತಾರೆ. ಉತ್ತರ ಮೇಲೆ ಸರಿದು ಕಳೆದುಹೋಗುತ್ತದೆ. ಮುಂದಿನ ತಿಂಗಳು ಇನ್ನೊಂದು ಮನೆಯ ಮಗುವಿಗೆ ಕೆಮ್ಮು, ಮತ್ತೆ ಅದೇ ಪ್ರಶ್ನೆ.

ನಾನು ಅಹಮದಾಬಾದಿಗೆ ಬಂದು ಹನ್ನೊಂದು ವರ್ಷವಾಯಿತು. ಹೊಟ್ಟೆಪಾಡು ಡೇಟಾಬೇಸ್‌ಗಳದ್ದು. ಹಾಗಾಗಿ "ನೀವೇ ಒಂದು ಶೀಟ್ ಮಾಡಿಬಿಡಿ ಸಾರ್" ಎಂಬ ಕೆಲಸ ಸಹಜವಾಗಿಯೇ ನನ್ನ ತಲೆಗೆ ಬಂತು. ಗುಜರಾತಿನಲ್ಲಿರುವ ಕನ್ನಡದ ಮನೆಗಳಲ್ಲಿ ಇನ್ನೂ ಬಳಕೆಯಲ್ಲಿರುವ ಗಿಡ, ಸೊಪ್ಪು, ಬೇರು, ಅವುಗಳ ಕನ್ನಡ, ತುಳು, ಕೊಂಕಣಿ, ಗುಜರಾತಿ ಹೆಸರು, ಉಪಯೋಗ, ಇಲ್ಲಿ ಎಲ್ಲಿ ಸಿಗುತ್ತದೆ, ಇಷ್ಟನ್ನು ಒಂದು ಕಡೆ ಸೇರಿಸುವುದು ನಮ್ಮ ಯೋಚನೆ. ಫಾರ್ಮ್ ಕಳಿಸಿ ತುಂಬಿಸಿಕೊಳ್ಳೋಣ ಎಂದು ಕೆಲವರು ಅಂದರು. ಆದರೆ ವಿಷಯ ಗೊತ್ತಿರುವುದು ನಮ್ಮ ವಯಸ್ಸಿನವರಿಗಲ್ಲ, ಮನೆಯಲ್ಲಿರುವ ಅಮ್ಮಂದಿರಿಗೆ, ಅತ್ತೆಯರಿಗೆ. ಅವರು ಫಾರ್ಮ್ ತುಂಬುವುದಿಲ್ಲ, ಕೂತು ಮಾತಾಡುತ್ತಾರೆ. ಆದ್ದರಿಂದ ಕಮ್ಮಟ ಮಾಡುವುದೆಂದಾಯಿತು. ಮಳೆಗಾಲದಲ್ಲಿ ಒಂದು ಭಾನುವಾರ ಅಹಮದಾಬಾದ್, ಒಂದು ಭಾನುವಾರ ವಡೋದರಾ, ಇನ್ನೊಂದು ಸೂರತ್. ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕು, ಮಧ್ಯೆ ಬಿಸಿಬೇಳೆಬಾತು.

ಮೊದಲನೆಯದು ಬೋಪಲ್‌ನಲ್ಲಿ, ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ. ಹತ್ತು ಹನ್ನೆರಡು ಮನೆಯವರು ಬಂದಿದ್ದರು. ತೀರ್ಥಹಳ್ಳಿ ಕಡೆಯ ನನ್ನ ಅಮ್ಮ (ಅಪ್ಪ ಹೋದ ಮೇಲೆ ನಾಲ್ಕು ವರ್ಷದಿಂದ ನಮ್ಮ ಜೊತೆಗಿದ್ದಾಳೆ), ಎದುರು ಮನೆಯ ಗುಜರಾತಿ ಅಜ್ಜಿ, ಅಂದರೆ ಇಡೀ ಬ್ಲಾಕಿಗೆ 'ಬಾ', ಹುಬ್ಬಳ್ಳಿ ಕಡೆಯ ಒಬ್ಬ ಡಾಕ್ಟರು, ಮತ್ತು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಗುಜರಾತಿ ಮೇಷ್ಟ್ರು. ಮೇಷ್ಟ್ರನ್ನು ಕರೆದುತಂದದ್ದು ಬಾ.

ಮೊದಲ ಅರ್ಧ ಗಂಟೆಯಲ್ಲೇ ನನ್ನ ವೃತ್ತಿಯ ಗರ್ವ ಸ್ವಲ್ಪ ಇಳಿಯಿತು. ಅಮ್ಮ ಆಡುಸೋಗೆ ಎಂದಳು, ಕೆಮ್ಮಿಗೆ. ಬಾ ಕೂಡಲೇ "ಅರಡೂಸಿ" ಎಂದರು. ನಾನು ಟೈಪ್ ಮಾಡಿದ್ದನ್ನು ಪ್ರೊಜೆಕ್ಟರ್ ಪರದೆಯ ಮೇಲೆ ನೋಡಿ ಮೇಷ್ಟ್ರು ಕುರ್ಚಿಯಿಂದ ಎದ್ದರು. ಪಕ್ಕದವರು ಅದನ್ನು "ಅರಡೂಸೋ" ಎಂದು ಉಚ್ಚರಿಸಿದ್ದರು. ಗುಜರಾತಿಯಲ್ಲಿ ಅರಡೂಸಿ ಅಂದರೆ ನಮ್ಮ ಆಡುಸೋಗೆ, ಬೇಲಿಯ ಪೊದೆ. ಅರಡೂಸೋ ಅಂದರೆ ಐಲಾಂಥಸ್ ಎಕ್ಸೆಲ್ಸಾ, ಇಲ್ಲಿನ ರಸ್ತೆಬದಿಯಲ್ಲಿ ಎಲ್ಲೆಲ್ಲೂ ಕಾಣುವ ಎತ್ತರದ ಮರ. ಒಂದೇ ಒಂದು ಸ್ವರ ಆಚೀಚೆಯಾದರೆ ಕಷಾಯಕ್ಕೆ ಬೇರೆಯದೇ ಮರದ ಎಲೆ ಬೀಳುತ್ತದೆ. ಕೋಡು ಬರೆಯುವವರಿಗೆ ಒಂದು ಅಕ್ಷರದ ಬೆಲೆ ಗೊತ್ತು. ಆದರೆ ಅಲ್ಲಿ ಕಂಪೈಲರ್ ಬೈಯುತ್ತದೆ, ಇಲ್ಲಿ ಯಾರೂ ಬೈಯುವುದಿಲ್ಲ.

ದೊಡ್ಡಪತ್ರೆಯದೂ ಹೀಗೆಯೇ. ಗುಜರಾತಿಗಳು ಅದನ್ನು 'ಅಜಮಾ ನಾ ಪಾನ್' ಎನ್ನುತ್ತಾರೆ, ಎಲೆಯನ್ನು ಹಿಟ್ಟಿನಲ್ಲಿ ಅದ್ದಿ ಭಜಿಯಾ ಮಾಡುತ್ತಾರೆ. ಅಜಮೋ ಅಂದರೆ ಓಮ. ಹೆಸರು ಕೇಳಿದರೆ ಓಮದ ಗಿಡದ ಎಲೆ ಅನ್ನಿಸುತ್ತದೆ, ವಾಸನೆಯೂ ಹಾಗೇ. ಆದರೆ ಓಮದ ಕಾಳು ಕೊಡುವ ಗಿಡವೇ ಬೇರೆ. ಇನ್ನು ಬ್ರಾಹ್ಮಿಯ ಗಲಾಟೆ ಊಟದವರೆಗೂ ನಡೆಯಿತು. ನಮ್ಮಲ್ಲಿ ಅರ್ಧ ಜನಕ್ಕೆ ಬ್ರಾಹ್ಮಿ ಅಂದರೆ ಒಂದೆಲಗ, ತಂಬುಳಿ ಮಾಡುವುದು. ಉಳಿದರ್ಧಕ್ಕೆ ನೀರುಬ್ರಾಹ್ಮಿ, ಅಂದರೆ ಬಕೋಪ. ಇದು ನಮ್ಮೊಳಗಿನ ಜಗಳವಲ್ಲ, ದೇಶದಾದ್ಯಂತ ಈ ಎರಡು ಗಿಡಗಳೂ ಒಂದೇ ಹೆಸರಿನಲ್ಲಿ ಓಡಾಡುತ್ತವೆ ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಆಮೇಲೆ ಒಂದು ನಿಯಮ ಮಾಡಿಕೊಂಡೆವು. ಎಲೆ ಮೇಜಿನ ಮೇಲೆ ಇಲ್ಲದಿದ್ದರೆ ಸಾಲು ತುಂಬುವಂತಿಲ್ಲ. ಹೆಸರು ಗೊತ್ತಿದ್ದು ಎಲೆ ಸಿಗದಿದ್ದರೆ ಹಳದಿ ಬಣ್ಣ. ಅಹಮದಾಬಾದಿನ ಶೀಟು ಸಂಜೆ ಹೊತ್ತಿಗೆ ಅರಿಶಿನ ಎರಚಿದ ಹಾಗೆ ಕಾಣುತ್ತಿತ್ತು.

ನಾನು ಮಾಡಿಕೊಂಡು ಹೋಗಿದ್ದ ಕಾಲಮ್ಮುಗಳು ಐದು: ಹೆಸರು, ಭಾಷೆ, ಯಾವ ಭಾಗ, ಯಾವುದಕ್ಕೆ, ಹೇಗೆ. ಮೇಷ್ಟ್ರು ಅದನ್ನು ನೋಡಿ ಕೇಳಿದ್ದು ಒಂದೇ ಮಾತು: "ಕೋಣೇ ಕಹ್ಯುಂ?" ಯಾರು ಹೇಳಿದ್ದು? ಅದು ಮೊದಲ ಕಾಲಮ್ ಆಗಬೇಕು ಎಂದರು. ಅವರು ಹಿಂದೆ ಶೋಧಯಾತ್ರೆಯಲ್ಲಿ ನಡೆದವರು, ಆ ಪಾಠ ಅಲ್ಲಿಯದು.

ಶೋಧಯಾತ್ರೆಯ ಮೂಲ ಈ ಊರೇ. 1980ರ ದಶಕದ ಕೊನೆಯಲ್ಲಿ ಅಹಮದಾಬಾದಿನ ಐಐಎಂ ಪ್ರಾಧ್ಯಾಪಕ ಅನಿಲ್ ಗುಪ್ತಾ ಮತ್ತು ಅವರ ಗೆಳೆಯರು 'ಹನಿ ಬೀ ನೆಟ್‌ವರ್ಕ್' ಕಟ್ಟಿದರು. ರೈತರಿಂದ ಕಲಿತದ್ದನ್ನು ಇಂಗ್ಲಿಷಿನಲ್ಲಿ ಬರೆದು ತಾನು ಹೆಸರು ಮಾಡುತ್ತಿದ್ದೇನೆ, ಹೇಳಿಕೊಟ್ಟವರಿಗೆ ಅದನ್ನು ಓದಲೂ ಬಾರದು ಎಂಬ ಕಸಿವಿಸಿಯಿಂದ ಅದು ಶುರುವಾಯಿತು ಎಂದು ಗುಪ್ತಾ ಅನೇಕ ಕಡೆ ಹೇಳಿಕೊಂಡಿದ್ದಾರೆ. ಜೇನುಹುಳು ಮಕರಂದ ತೆಗೆದುಕೊಂಡರೆ ಹೂವು ಬಡವಾಗುವುದಿಲ್ಲ, ಮೇಲಾಗಿ ಒಂದು ಹೂವಿನ ಪರಾಗ ಇನ್ನೊಂದಕ್ಕೆ ತಲುಪುತ್ತದೆ. ಜ್ಞಾನ ಸಂಗ್ರಹವೂ ಹಾಗಿರಬೇಕು ಎಂಬುದು ಹೆಸರಿನ ಅರ್ಥ. ಅದಕ್ಕೆ ಕೆಲವು ಕಟ್ಟುಪಾಡುಗಳಿವೆ. ಹೇಳಿದವರ ಹೆಸರು, ವಿಳಾಸ ಬರೆಯಬೇಕು. ಬರೆದದ್ದನ್ನು ಅವರ ಭಾಷೆಯಲ್ಲೇ ಅವರಿಗೆ ಹಿಂದಿರುಗಿಸಬೇಕು. ಮುಂದೆ ಅದರಿಂದ ಲಾಭ ಬಂದರೆ ಅವರಿಗೂ ಪಾಲು ಹೋಗಬೇಕು. 1993ರಲ್ಲಿ 'ಸೃಷ್ಟಿ' ಎಂಬ ಸಂಸ್ಥೆ, 1998ರಿಂದ ಶೋಧಯಾತ್ರೆಗಳು, 2000ದಲ್ಲಿ ರಾಷ್ಟ್ರೀಯ ನಾವೀನ್ಯ ಪ್ರತಿಷ್ಠಾನ, ಎಲ್ಲವೂ ಈ ಬೇರಿನಿಂದ ಬಂದವು. ಯಾತ್ರೆಯೆಂದರೆ ಬಸ್ಸಿನಲ್ಲಿ ಸುತ್ತುವುದಲ್ಲ. ಬೇಸಿಗೆಯಲ್ಲಿ ಬಿಸಿಲೂರು, ಚಳಿಗಾಲದಲ್ಲಿ ಚಳಿಯೂರು, ಕಾಲ್ನಡಿಗೆ. ಹಳ್ಳಿಯಲ್ಲಿ ನಿಂತು ಮಕ್ಕಳಿಗೆ ಗಿಡ ಗುರುತಿಸುವ ಸ್ಪರ್ಧೆ, ಹೆಂಗಸರಿಗೆ ಅಡುಗೆ ಸ್ಪರ್ಧೆ, ನೂರು ದಾಟಿದ ಹಿರಿಯರಿಗೆ ಸನ್ಮಾನ. ಪ್ರಶ್ನಾವಳಿ ಹಿಡಿದು ಹೋದರೆ ಬಾಯಿ ಬಿಡದವರು ಮೊಮ್ಮಗ ಎಲೆ ಗುರುತು ತಪ್ಪಿದಾಗ ಸುಮ್ಮನಿರುತ್ತಾರೆಯೇ? ಬಹಳ ಜಾಣತನದ ಉಪಾಯ ಅದು.

ಅವರ ಸುದ್ದಿಪತ್ರ ಗುಜರಾತಿಯಲ್ಲಿ 'ಲೋಕಸರವಾಣಿ'. ಕನ್ನಡದಲ್ಲೂ ಒಂದು ಬರುತ್ತಿತ್ತು, ಹೆಸರು 'ಹಿತ್ತಲಗಿಡ'. ನಮ್ಮ ಗಾದೆಯನ್ನು ತಲೆಕೆಳಗು ಮಾಡಿದ ಆ ಹೆಸರನ್ನು ನಾನು ಕೇಳಿದ್ದು ಕರ್ನಾಟಕದಲ್ಲಲ್ಲ, ಬೋಪಲ್‌ನ ಕ್ಲಬ್‌ಹೌಸಿನಲ್ಲಿ, ಗುಜರಾತಿ ಮೇಷ್ಟ್ರ ಬಾಯಲ್ಲಿ. ಏಳನೆಯ ಮಹಡಿಯಲ್ಲಿರುವ ನಮಗೆ ಹಿತ್ತಲೇ ಇಲ್ಲ ಎನ್ನುವುದು ಬೇರೆ ಮಾತು. ಅಮ್ಮನ ಹಿತ್ತಲು ಬಾಲ್ಕನಿಯ ಒಂಬತ್ತು ಕುಂಡ, ಎರಡು ಒಡೆದ ಬಕೆಟ್ಟು.

ಹೀಗೆ 'ಹೇಳಿದವರು' ಕಾಲಮ್ ಬಂತು. ಬಂದ ಕೂಡಲೇ ತಕರಾರೂ ಬಂತು. "ನನ್ನ ಹೆಸರು ಯಾಕೋ? ಇದು ಊರಿಗೆಲ್ಲ ಗೊತ್ತಿದ್ದದ್ದಲ್ವಾ?" ಎಂದಳು ಅಮ್ಮ. ಅದರಲ್ಲಿ ನ್ಯಾಯವಿದೆ. ಒಬ್ಬ ರೈತ ತಾನೇ ತಲೆ ಓಡಿಸಿ ಮಾಡಿದ ಯಂತ್ರಕ್ಕೆ ಅವನ ಹೆಸರು ಹಾಕುವುದು ಸರಿ. ಒಂದೆಲಗದ ತಂಬುಳಿಗೆ ಯಾರ ಹೆಸರು ಹಾಕುವುದು? ಅದು ಮಲೆನಾಡಿನ ಎಲ್ಲ ಒಲೆಗಳದ್ದು. ಕೊನೆಗೆ ಎರಡು ಕಾಲಮ್ ಮಾಡಿದೆವು, 'ನಮಗೆ ಹೇಳಿದವರು' ಮತ್ತು 'ಅವರಿಗೆ ಹೇಳಿದವರು'. ಎರಡನೆಯದು ನನಗೆ ಈ ಇಡೀ ಶೀಟಿನಲ್ಲಿ ಅತ್ಯಂತ ಇಷ್ಟವಾದದ್ದು. ಅತ್ತೆ, ಸೂಲಗಿತ್ತಿ, ಶಾಲೆಯ ಅಕ್ಕೋರು, ರೈಲಿನಲ್ಲಿ ಸಿಕ್ಕ ಹೆಂಗಸು, 'ಪ್ರಜಾಮತದಲ್ಲಿ ಓದಿದ್ದು' ಎಂದೆಲ್ಲ ತುಂಬಿಕೊಂಡಿತು.

ಡಾಕ್ಟರು ಅಲ್ಲಿಯವರೆಗೆ ಸುಮ್ಮನೆ ಕೂತಿದ್ದರು. ಅಮ್ಮ ಸರ್ಪಸುತ್ತಿನ ಮದ್ದಿನ ಮಾತು ತೆಗೆದಾಗ ಎದ್ದರು.

ನಮ್ಮೂರಿನಲ್ಲಿ ಸರ್ಪಸುತ್ತಿಗೆ ಮದ್ದು ಕೊಡುತ್ತಿದ್ದ ಒಬ್ಬ ಅಜ್ಜಿಯಿದ್ದಳು. ದುಡ್ಡು ಮುಟ್ಟುತ್ತಿರಲಿಲ್ಲ. ಕೊನೆಗಾಲದಲ್ಲಿ ಅಮ್ಮನಿಗೆ ಆ ಸೊಪ್ಪು ತೋರಿಸಿದ್ದಳಂತೆ, ಕೇಳಿದವರಿಗೆ ಮದ್ದು ಕೊಡು, ಸೊಪ್ಪಿನ ಹೆಸರು ಹೇಳಬೇಡ ಎಂಬ ಮಾತಿನ ಮೇಲೆ. ಚಿಕ್ಕಮ್ಮನಿಗೆ ಸೊಂಟದಲ್ಲಿ ಬಂದಾಗ ಅದರಿಂದಲೇ ಗುಣವಾಯಿತು. ಡಾಕ್ಟರು ನಿಧಾನಕ್ಕೆ ಹೇಳಿದರು: "ಅಮ್ಮಾರ, ಸೊಂಟದ್ದು ಏನೂ ಹಚ್ಚದಿದ್ರೂ ಮೂರು ನಾಕು ವಾರಕ್ಕ ಒಣಗತೈತ್ರಿ. ಆದ್ರ ಹಣಿ ಮ್ಯಾಲೆ, ಕಣ್ಣಿನ ಹತ್ರ ಬಂದ್ರ ಒಂದು ದಿನಾನೂ ಕಾಯಬಾರದ್ರಿ." ವೈರಸ್ಸಿನ ವಿರುದ್ಧದ ಮಾತ್ರೆ 72 ಗಂಟೆಯೊಳಗೆ ಶುರುವಾದರೆ ಒಳ್ಳೆಯದು ಎಂದು ವಿವರಿಸಿದರು. ಸಭೆಯಲ್ಲಿ ಒಂದು ಕ್ಷಣ ಬಿಗುವಾಯಿತು. ಇದು ಹಳ್ಳಿ ಔಷಧಿಗೂ ಇಂಗ್ಲಿಷ್ ಔಷಧಿಗೂ ನಡೆಯುವ ಮಾಮೂಲಿ ವಾದವಾಗುತ್ತದೆ, ಇನ್ನು ಬಿಸಿಬೇಳೆಬಾತು ಆರಿಹೋಗುತ್ತದೆ ಎಂದುಕೊಂಡೆ.

ಆದರೆ ಅಮ್ಮ ಹೇಳಿದ್ದು ಬೇರೆ. ನನ್ನ ಸೋದರಮಾವನ ಎಡಗಣ್ಣು ಮಬ್ಬಾಗಿರುವುದು ಮನೆಯವರಿಗೆಲ್ಲ ಗೊತ್ತು. ಏನಾಗಿತ್ತು ಎಂಬುದನ್ನು ಅವಳು ನಮ್ಮ ಮುಂದೆಯೇ ಎಂದೂ ಪೂರ್ತಿ ಹೇಳಿರಲಿಲ್ಲ. ಅವತ್ತು ಹತ್ತು ಮನೆಯವರ ಮುಂದೆ ಹೇಳಿದಳು. ಹಣೆಯ ಮೇಲೆ ಗುಳ್ಳೆ ಎದ್ದಿತ್ತು, ಒಂಬತ್ತು ದಿನ ಅದೇ ಸೊಪ್ಪು ಅರೆದು ಹಚ್ಚಿದರು, ಮಳೆ ಜೋರಿತ್ತು, ಶಿವಮೊಗ್ಗಕ್ಕೆ ಕರೆದೊಯ್ಯುವ ಹೊತ್ತಿಗೆ ತಡವಾಗಿತ್ತು. ಹೇಳಿ ಮುಗಿಸಿ ನನ್ನ ಕಡೆ ತಿರುಗಿ, "ಅದ್ನೂ ಬರಿಯೋ. ಬರೀ ಗುಣ ಆಗಿದ್ದಷ್ಟೇ ಬರದ್ರೆ ಅದು ಪುಸ್ತಕ ಅಲ್ಲ, ಜಾಹೀರಾತು" ಅಂದಳು.

ಹೀಗೆ ಇನ್ನೆರಡು ಕಾಲಮ್: 'ಆಗದೆ ಹೋದ ಸಂದರ್ಭ', 'ಡಾಕ್ಟರ ಹತ್ತಿರ ಯಾವಾಗ ಓಡಬೇಕು'. ಎರಡನೆಯದನ್ನು ಡಾಕ್ಟರು ಮಾತ್ರ ತುಂಬುತ್ತಾರೆ, ನಾವು ಮುಟ್ಟುವುದಿಲ್ಲ.

ಊಟದ ಹೊತ್ತಿಗೆ ಡಾಕ್ಟರು ಅಹಮದಾಬಾದಿನದೇ ಒಂದು ಉದಾಹರಣೆ ಕೊಟ್ಟರು. 2010ರ ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 46.8 ಡಿಗ್ರಿ ಮುಟ್ಟಿತ್ತು. ಆ ಒಂದು ತಿಂಗಳಲ್ಲಿ ಸಾಮಾನ್ಯಕ್ಕಿಂತ 1,344 ಸಾವು ಹೆಚ್ಚಾಗಿದ್ದವು ಎಂದು ಗೊತ್ತಾದದ್ದು ಆಮೇಲೆ, ಹವಾಮಾನದವರ ಉಷ್ಣಾಂಶದ ಪಟ್ಟಿಯನ್ನೂ ನಗರಪಾಲಿಕೆಯ ಮರಣ ನೋಂದಣಿಯನ್ನೂ ಅಕ್ಕಪಕ್ಕ ಇಟ್ಟಾಗ. ಎರಡೂ ಪಟ್ಟಿ ಮೊದಲಿನಿಂದ ಇದ್ದವೇ, ಬೇರೆ ಬೇರೆ ಕಚೇರಿಗಳಲ್ಲಿ. ಪಾಲಿಕೆ, ಗಾಂಧಿನಗರದ ಸಾರ್ವಜನಿಕ ಆರೋಗ್ಯ ಸಂಸ್ಥೆ, ಹೊರದೇಶದ ತಜ್ಞರು ಕೂತು 2013ರಲ್ಲಿ ಮಾಡಿದ ಬಿಸಿಲಿನ ಕಾರ್ಯಯೋಜನೆ ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ಪಾಲಿಕೆಯ ಶಾರದಾಬೆನ್ ಆಸ್ಪತ್ರೆಯಲ್ಲಿ ಬಾಣಂತಿ ವಾರ್ಡು ಮೇಲಿನ ಮಹಡಿಯಲ್ಲಿತ್ತು. ಅದನ್ನು ಕೆಳಗಿಳಿಸಿದ ಮೇಲೆ ಬಿಸಿಲಿನಿಂದ ಬಳಲಿ ದಾಖಲಾಗುವ ನವಜಾತ ಶಿಶುಗಳು ಕಡಿಮೆಯಾದರು. ನಮ್ಮ ಕಸುಬಿನಲ್ಲಿ ಇದನ್ನು ಎರಡು ಟೇಬಲ್ ಜಾಯಿನ್ ಮಾಡುವುದು ಅನ್ನುತ್ತೇವೆ, ಎರಡು ಸಾಲಿನ ಕೋಡು. ಆದರೆ ಆ ಎರಡು ಟೇಬಲ್ಲಿನ ಯಜಮಾನರು ಒಂದೇ ಕೋಣೆಗೆ ಬರುವುದಕ್ಕೆ ವರ್ಷಗಳು ಬೇಕು.

ವಡೋದರಾದ ಕಮ್ಮಟಕ್ಕೆ ಗಿಡಗಳಿಗಿಂತ ಭಾಷೆಯವರು ಹೆಚ್ಚು ಬಂದಿದ್ದರು. ಆ ಊರಿಗೆ ಅದು ಸಹಜ. ಗಣೇಶ ದೇವಿ ಅಲ್ಲಿನ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವರು, ಕೆಲಸ ಬಿಟ್ಟು 1996ರಲ್ಲಿ 'ಭಾಷಾ' ಸಂಶೋಧನಾ ಕೇಂದ್ರ ಕಟ್ಟಿದರು. 2010ರಲ್ಲಿ ಅಲ್ಲಿಂದಲೇ ಭಾರತೀಯ ಭಾಷೆಗಳ ಲೋಕ ಸಮೀಕ್ಷೆ ಹೊರಟಿತು. (ಅದೇ ದೇವಿ 2016ರಲ್ಲಿ ಧಾರವಾಡಕ್ಕೆ ಮನೆ ಬದಲಾಯಿಸಿದರು. ನಾವು ಇತ್ತ ಬಂದೆವು, ಅವರು ಅತ್ತ ಹೋದರು.) ಸರಕಾರದ ಜನಗಣತಿ 1961ರಲ್ಲಿ 1,652 ಮಾತೃಭಾಷೆಗಳ ಹೆಸರು ಕೊಟ್ಟಿತ್ತು. 1971ರಿಂದ ಹತ್ತು ಸಾವಿರಕ್ಕಿಂತ ಕಡಿಮೆ ಜನ ಆಡುವ ಭಾಷೆಗಳನ್ನು ಬೇರೆಯಾಗಿ ತೋರಿಸುವುದನ್ನೇ ಬಿಟ್ಟಿತು. ಪಟ್ಟಿಯಲ್ಲಿ ನೂರರ ಆಸುಪಾಸು ಉಳಿದವು. ಲೋಕ ಸಮೀಕ್ಷೆ ರಾಜ್ಯ ರಾಜ್ಯಗಳಲ್ಲಿ ಕಮ್ಮಟ ನಡೆಸಿ, ಭಾಷಾವಿಜ್ಞಾನಿಗಳ ಜೊತೆಗೆ ಶಾಲಾ ಮೇಷ್ಟ್ರುಗಳು, ಕಾರ್ಯಕರ್ತರು, ಆ ಭಾಷೆಯನ್ನಾಡುವ ಸಾಮಾನ್ಯರು ಎಲ್ಲರನ್ನೂ ಸೇರಿಸಿ, ಸುಮಾರು 3,000 ಜನರ ಕೈಯಲ್ಲಿ 780 ಭಾಷೆಗಳನ್ನು ದಾಖಲಿಸಿತು.

ಅದಕ್ಕಿಂತ ನೂರು ವರ್ಷ ಹಿಂದೆ ಗ್ರಿಯರ್ಸನ್ ಮಾಡಿದ ಸಮೀಕ್ಷೆ ಗೊತ್ತಿರಬಹುದು, 1894ರಿಂದ 1928. ಮೈಸೂರು ಸಂಸ್ಥಾನ, ಹೈದರಾಬಾದ್, ಮದ್ರಾಸ್ ಪ್ರಾಂತ ಅದರ ವ್ಯಾಪ್ತಿಯ ಹೊರಗಿದ್ದವು. ಆತ ಎಲ್ಲ ಭಾಷೆಯವರಿಂದಲೂ ಮಾಡಿಸಿದ್ದು ಒಂದೇ ಅನುವಾದ, ಬೈಬಲ್ಲಿನ ದಾರಿ ತಪ್ಪಿದ ಮಗನ ಕಥೆ. ಹೋಲಿಕೆಗೆ ಅದು ಅನುಕೂಲ, ಒಪ್ಪುತ್ತೇನೆ. ಆದರೆ ಒಂದು ಭಾಷೆಗೆ ಅದರದ್ದೇ ಕಥೆಯಿರುತ್ತದಲ್ಲ? ಲೋಕ ಸಮೀಕ್ಷೆ ಕೇಳಿದ್ದು ಹಾಡು, ಕಥೆ, ಬಣ್ಣದ ಹೆಸರು, ಕಾಲ ಮತ್ತು ಜಾಗದ ಮಾತು, ನೆಂಟಸ್ತಿಕೆಯ ಪದ. ಕಾಲಮ್ಮನ್ನು ಯಾರು ಬರೆಯುತ್ತಾರೆ ಎಂಬುದರ ಮೇಲೆ ಒಳಗೆ ಏನು ಬೀಳುತ್ತದೆ ಎಂಬುದು ನಿಂತಿದೆ.

ನೆಂಟಸ್ತಿಕೆಯ ಪದ ನಮಗೂ ಅವತ್ತು ತೊಡಕಾಯಿತು. 'ಅವರಿಗೆ ಹೇಳಿದವರು' ಕಾಲಮ್ಮಿನಲ್ಲಿ ಬಹಳ ಕಡೆ ಬರೀ 'ಮಾವ' ಎಂದಿತ್ತು. ಸಹಾಯಕ್ಕೆ ಬಂದಿದ್ದ ಗುಜರಾತಿ ಹುಡುಗಿ, ಭಾಷಾವಿಜ್ಞಾನದ ವಿದ್ಯಾರ್ಥಿನಿ, ಅನುವಾದ ಮಾಡುತ್ತಾ ನಿಂತಳು. ಮಾಮಾನೋ, ಫುಆನೋ, ಸಸರಾನೋ? ಅವರಲ್ಲಿ ತಾಯಿಯ ತಮ್ಮ, ಸೋದರತ್ತೆಯ ಗಂಡ, ಹೆಂಡತಿಯ ಅಪ್ಪ, ಮೂವರಿಗೆ ಮೂರು ಪದ. ನಮ್ಮಲ್ಲಿ ಮೂವರೂ ಮಾವ. ಯಾಕೆ ಎಂದು ಆಕೆ ಕೇಳಿದಾಗ, ಸೋದರಮಾವನ ಮಗಳನ್ನೇ ಮದುವೆಯಾಗಿರುವ ಒಬ್ಬರು ಎದ್ದು ನಿಂತು, "ನನಗೆ ಮೂವರಲ್ಲಿ ಇಬ್ಬರು ಒಬ್ಬರೇ" ಎಂದರು. ಹುಡುಗಿ ಐದು ನಿಮಿಷ ನಗು ತಡೆದುಕೊಂಡು ನೋಟ್ ಮಾಡಿಕೊಂಡಳು. ಅದು ಗಿಡದ ಶೀಟಿಗೆ ಸೇರದ ವಿಷಯ, ಆದರೂ ಇರಲಿ ಎಂದು 'ಇತರೆ' ಎಂಬ ಕಾಲಮ್ಮಿನಲ್ಲಿ ಹಾಕಿದ್ದೇನೆ. ವೃತ್ತಿಯಲ್ಲಿ 'ಇತರೆ' ಕಾಲಮ್ ಕಂಡರೆ ನನಗಾಗುವುದಿಲ್ಲ. ಈ ಶೀಟಿನಲ್ಲಿ ಮೊದಲು ಓದುವುದು ಅದನ್ನೇ.

ಸಂಜೆಯ ಚರ್ಚೆ ಗಂಭೀರವಾಗಿತ್ತು. ಶೀಟನ್ನು ಎಲ್ಲರಿಗೂ ತೆರೆದಿಡೋಣವೇ? ಹೆಚ್ಚಿನವರು ಹೌದೆಂದರು. ತೆರೆದಿಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಅರಿಶಿನದ ಕಥೆಯಿದೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ 1995ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಕೊಟ್ಟರು. ಅದು ಹೊಸದಲ್ಲ ಎಂದು ತೋರಿಸಲು ನಮ್ಮ ಸಿಎಸ್‌ಐಆರ್ ಹಳೆಯ ಸಂಸ್ಕೃತ ಗ್ರಂಥ, 1953ರ ಒಂದು ವೈದ್ಯಕೀಯ ಪತ್ರಿಕೆಯ ಲೇಖನ ಎಲ್ಲ ಹುಡುಕಿ ಕೊಟ್ಟು 1997ರಲ್ಲಿ ರದ್ದು ಮಾಡಿಸಿತು. ನಮ್ಮ ಅಜ್ಜಿಯರೆಲ್ಲ ಹಚ್ಚುತ್ತಿದ್ದರು ಎಂದರೆ ಅಲ್ಲಿ ಸಾಕ್ಷಿಯಾಗುವುದಿಲ್ಲ, ಬರಹ ಬೇಕು. ಆಮೇಲೆ 2001ರಲ್ಲಿ ಪಾರಂಪರಿಕ ಜ್ಞಾನದ ಡಿಜಿಟಲ್ ಗ್ರಂಥಾಲಯ ಶುರುವಾಯಿತು. ಆಯುರ್ವೇದ, ಯುನಾನಿ, ಸಿದ್ಧ ಪಂಡಿತರು, ಪೇಟೆಂಟ್ ಬಲ್ಲವರು, ನನ್ನಂಥ ಕಂಪ್ಯೂಟರಿನವರು ಸೇರಿ ಮಾಡಿದ ದೊಡ್ಡ ಕೆಲಸ. ಅದರ ಮಾಹಿತಿ ಸಿಗುವುದು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿ. ಪೇಟೆಂಟ್ ಕಚೇರಿಗಳು ಓದಬೇಕಾದದ್ದು, ಆದ್ದರಿಂದ ಆ ಭಾಷೆಗಳು. ತರ್ಕ ಸರಿ. ಆದರೂ ಅಮ್ಮನಿಗೆ ಇದನ್ನು ವಿವರಿಸಿದಾಗ "ಹಾಗಾದ್ರೆ ನಮ್ಮ ಮದ್ದು ನಾವು ಓದ್ಬೇಕು ಅಂದ್ರೆ ಜಪಾನಿ ಕಲೀಬೇಕಾ?" ಎಂದಳು. ಹನಿ ಬೀಯವರ 'ಹಿಂದಿರುಗಿಸಬೇಕು' ಎಂಬ ಕಟ್ಟುಪಾಡು ಎಷ್ಟು ದೊಡ್ಡದು ಎಂದು ನನಗೆ ಗೊತ್ತಾದದ್ದು ಆಗ.

ಎಲ್ಲವನ್ನೂ ತೆರೆದಿಡುವುದಕ್ಕೆ ಒಂದೇ ವಿರೋಧ ಬಂತು, ಅದೂ ಅದೇ ವಿದ್ಯಾರ್ಥಿನಿಯಿಂದ. ಅಹಮದಾಬಾದಿನ ಛಾರಾನಗರದಲ್ಲಿ ಛಾರಾ ಸಮುದಾಯದವರಿದ್ದಾರೆ, ಅವರ ಭಾಷೆ ಭಾಂಟು. ಬ್ರಿಟಿಷರ 1871ರ ಕಾಯ್ದೆ ಇಂಥ ಎಷ್ಟೋ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಎಂದು ಪಟ್ಟಿ ಮಾಡಿತ್ತು. ಅವರ ಗುಟ್ಟಿನ ಮಾತುಗಳನ್ನು ಪೊಲೀಸ್ ಅಧಿಕಾರಿಗಳು ಕೈಪಿಡಿಗಳಲ್ಲಿ ಸಂಗ್ರಹಿಸಿಟ್ಟರು. ಅದೂ ಒಂದು ಪದಕೋಶವೇ, ಅಚ್ಚುಕಟ್ಟಾದದ್ದೇ. "ಯಾರಿಗೋಸ್ಕರ ಎಂದು ಕೇಳದೆ ಪದ ಕೊಡಬಾರದು ಎಂದು ಅವರಿಗೆ ಗೊತ್ತು" ಎಂದಳು ಆಕೆ. ಆ ಮಾತಿನ ನಂತರ ತೀರ್ಮಾನವನ್ನು ಸೂರತ್ತಿಗೆ ಮುಂದೂಡಿದೆವು.

ಸೂರತ್‌ನಲ್ಲಿ ಜಾಗ ಕೊಟ್ಟವರು ಅಡಾಜಣ್ ಕಡೆ ಹೋಟೆಲ್ ನಡೆಸುವ ಪುತ್ತೂರಿನ ಹಿರಿಯರು. ಒಂದೆಲಗ ತೋರಿಸಿದ ಕೂಡಲೇ "ಇದು ತಿಮರೆ ಅಲ್ವಾ ಮಾರಾಯ್ರೇ" ಎಂದು ಒಂದು ಹಳದಿ ಸಾಲನ್ನು ಬಿಳಿ ಮಾಡಿದರು. ಕಾಲಮ್ಮುಗಳನ್ನು ತೋರಿಸಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಅವರ ತಮ್ಮ ಊರಲ್ಲಿ ಅಡಿಕೆ ಕೃಷಿಕ. ಪುತ್ತೂರಿನಿಂದ 1988ರಲ್ಲಿ ಶುರುವಾದ 'ಅಡಿಕೆ ಪತ್ರಿಕೆ'ಯನ್ನು ಮೊದಲಿನಿಂದ ಓದುವ ಮನೆ. ಶ್ರೀಪಡ್ರೆಯವರ ಮುಂದಾಳ್ತನದ ಆ ಪತ್ರಿಕೆ 'ಕೃಷಿಕರ ಕೈಗೆ ಲೇಖನಿ' ಎಂದು ಕಮ್ಮಟ ಮಾಡಿ ರೈತರಿಗೇ ಬರೆಯಲು ಕಲಿಸಿತು. ಯಾರ ತೋಟದ ವಿಷಯವೋ ಅವರ ಫೋನ್ ನಂಬರನ್ನು ಲೇಖನದ ಕೊನೆಗೆ ಹಾಕುವುದು ಅವರ ರೂಢಿ. ಓದಿದವನು ಸಂಶಯ ಬಂದರೆ ನೇರ ಫೋನ್ ಮಾಡುತ್ತಾನೆ. ಅಹಮದಾಬಾದಿನಲ್ಲಿ ಪ್ರಾಧ್ಯಾಪಕರು ಕಂಡುಕೊಂಡದ್ದನ್ನು ಪುತ್ತೂರಿನವರು ತಮ್ಮ ದಾರಿಯಲ್ಲಿ ಕಂಡುಕೊಂಡಿದ್ದರು.

ಅದೇ ಹೋಟೆಲಿನ ಅಡುಗೆಮನೆಯ ಗೋಡೆಯ ಮೇಲೆ, ನನ್ನ ಎದೆಗಿಂತ ಎತ್ತರಕ್ಕೆ, ಒಂದು ಪೆನ್ಸಿಲ್ ಗೆರೆಯಿದೆ. 2006ರ ಆಗಸ್ಟಿನ ನೆರೆ. ಉಕಾಯಿ ಅಣೆಕಟ್ಟು ಇಲ್ಲಿಂದ ಸುಮಾರು ನೂರು ಕಿಲೋಮೀಟರ್ ಮೇಲೆ. ಅಲ್ಲಿಂದ ಬಿಟ್ಟ ನೀರು ತಾಪಿಯಲ್ಲಿ ಬಂದು ಊರಿನ ಬಹುಭಾಗ ಮುಳುಗಿತು. ಆಮೇಲೆ 2008ರಿಂದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನ ಯೋಜನೆಯಲ್ಲಿ ಸೂರತ್ ಸೇರಿತು. 'ಹಂಚಿ ಕಲಿಯುವ ಸಂವಾದ' ಎಂಬ ಕಮ್ಮಟಗಳಲ್ಲಿ ಪಾಲಿಕೆ, ನೀರಾವರಿಯವರು, ವಾಣಿಜ್ಯ ಮಂಡಳಿ, ಎಂಜಿನಿಯರಿಂಗ್ ಕಾಲೇಜಿನವರು ಒಟ್ಟಿಗೆ ಕೂತರು. ಮೇಲೆ ಮಳೆ ಎಷ್ಟು, ಅಣೆಕಟ್ಟಿಗೆ ಎಷ್ಟು ಬರುತ್ತದೆ, ಎಷ್ಟು ಬಿಟ್ಟರೆ ಯಾವ ಬಡಾವಣೆಗೆ ಎಲ್ಲಿಯವರೆಗೆ ಎಂದು ಒಂದೇ ಸರಪಳಿಯಲ್ಲಿ ಮುನ್ಸೂಚನೆ ಕೊಡುವ ವ್ಯವಸ್ಥೆ ಅಲ್ಲಿಂದ ಬಂತು. ಹಿರಿಯರು ಗೆರೆಗೆ ಮಾತ್ರ ಸುಣ್ಣ ಬಳಿಯಲು ಬಿಡುವುದಿಲ್ಲ. "ಮೊಬೈಲಿಗೆ ಮೆಸೇಜು ಬರ್ತದೆ, ಸರಿ. ಆದ್ರೆ ಅಕ್ಕಿಮೂಟೆ ಎಷ್ಟು ಮೇಲೆ ಇಡ್ಬೇಕು ಅಂತ ಇದು ಹೇಳ್ತದೆ" ಎಂದರು.

ಸೂರತ್ತಿನ ತೀರ್ಮಾನ ಹೀಗಾಯಿತು. ಪ್ರತಿ ಸಾಲಿಗೂ ಹೇಳಿದವರೇ ಬೀಗ ಹಾಕಬಹುದು, ತೆಗೆಯಬಹುದು. ಅಡುಗೆಗೆ ಬರುವುದೆಲ್ಲ ತೆರೆದದ್ದು. ಮದ್ದಿಗೆ ಬರುವುದು ಡಾಕ್ಟರ ಕಾಲಮ್ ತುಂಬಿದ ಮೇಲೆ ಮಾತ್ರ ತೆರೆಯುತ್ತದೆ. ಕನ್ನಡದಲ್ಲೂ ಗುಜರಾತಿಯಲ್ಲೂ ಅಚ್ಚು ಹಾಕಿಸಿ, ಕಂಪ್ಯೂಟರ್ ನೋಡದವರ ಕೈಗೆ ಒಂದೊಂದು ಪ್ರತಿ ಕೊಡಬೇಕು. ದೀಪಾವಳಿಯ ಮುಂಚೆ ಮೊದಲ ಕಂತು. ದೊಡ್ಡ ಅಕ್ಷರದಲ್ಲಿರಲಿ ಎಂದು ಬಾ ಎರಡು ಸಲ ಫೋನ್ ಮಾಡಿದ್ದಾರೆ.

ಶೀಟಿನಲ್ಲಿ ಈಗ ಇನ್ನೂರು ಚಿಲ್ಲರೆ ಸಾಲುಗಳಿವೆ. ಸರ್ಪಸುತ್ತಿನ ಸಾಲೂ ಇದೆ. ಮಾವನ ಕಣ್ಣಿನ ಕಥೆ ಪೂರ್ತಿ ಇದೆ, 72 ಗಂಟೆ ಕೆಂಪು ಅಕ್ಷರದಲ್ಲಿದೆ, 'ಅವರಿಗೆ ಹೇಳಿದವರು' ಎಂಬಲ್ಲಿ ಆ ಅಜ್ಜಿಯ ಹೆಸರಿದೆ. ಗಿಡದ ಹೆಸರಿನ ಜಾಗ ಮಾತ್ರ ಖಾಲಿ. ಎಲೆ ನಮ್ಮ ಬಾಲ್ಕನಿಯಲ್ಲೇ ಇದೆಯೋ ಇಲ್ಲವೋ ಎಂಬುದನ್ನೂ ಅಮ್ಮ ಹೇಳುವುದಿಲ್ಲ. ಅದು ಗುಣ ಮಾಡುತ್ತದೋ ಇಲ್ಲವೋ, ಅದರಲ್ಲಿ ಏನಿದೆ ಎಂದು ಪರೀಕ್ಷೆಯಾಗಬೇಕು ಎಂಬುದು ಡಾಕ್ಟರ ವಾದ. ಹೆಸರಿಲ್ಲದೆ ಪರೀಕ್ಷೆ ಹೇಗೆ? ಮೇಷ್ಟ್ರೂ ಅವರ ಪರವೇ. ಅಮ್ಮನೂ ಅದನ್ನು ಅಲ್ಲಗಳೆಯುವುದಿಲ್ಲ, ಆದರೆ ಮಾತು ಕೊಟ್ಟದ್ದು ತಾನು, ಬಿಡಿಸಬೇಕಾದವರು ಆ ಮನೆಯವರು ಎನ್ನುತ್ತಾಳೆ. ಅಜ್ಜಿಯ ಮೊಮ್ಮಗ ಊರಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಕಳೆದ ವಾರ ಅವನಿಗೆ ಅಮ್ಮನೇ ಫೋನ್ ಮಾಡಿದಳು. ಅವನಿಗೆ ಅಜ್ಜಿ ಮದ್ದು ಕೊಡುತ್ತಿದ್ದದ್ದು ನೆನಪಿದೆ, ಯಾವ ಸೊಪ್ಪು ಎಂದು ಗೊತ್ತಿಲ್ಲ. ದೊಡ್ಡಪ್ಪನನ್ನು ಕೇಳಿ ಹೇಳುತ್ತೇನೆ ಎಂದಿದ್ದಾನೆ. ಹಾಗೆಯೇ, ಅಹಮದಾಬಾದಿನಲ್ಲಿ ಯಾರಿಗಾದರೂ ಬೇಕಿದ್ದರೆ ಅಲ್ಲಿಗೇ ಕೊರಿಯರ್ ಮಾಡಬಹುದೇ ಎಂದೂ ಕೇಳಿದನಂತೆ.